ಅಮೆರಿಕದ ಹಳ್ಳಿಯ ಮುತ್ತಜ್ಜನನ್ನು ಹುಡುಕುವುದು ಹೇಗೆ?

ನಮ್ಮ ಸೊಸೆಯ ತವರು ಅಮೆರಿಕದ ನೆಬ್ರಾಸ್ಕ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದರು. ನಮ್ಮ ಕಡೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ಬೀಗರ ಕಡೆಯದು ಎರಡು ವರ್ಷವಾದರೂ ಇನ್ನೂ ನಡೆದೇ ಇದೆ. ಈ ನಡುವೆ ಬೀಗರೂ ಎಡವಿದರು, ನಾನೂ ಎಡವಿದೆ. ಅಮೆರಿಕದ ಸೊಸೆ, ಅಳಿಯ ಇರುವ ಮನೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

1. ಮನೆಯ ಹಿರಿಯರನ್ನು ಕೇಳಿ. ಹಳೆಯ ಬೈಬಲ್ ಇದ್ದರೆ ತೆಗೆದು ನೋಡಿ. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಅದರ ಹಾಳೆಗಳಲ್ಲೇ ಬರೆದಿಡುತ್ತಿದ್ದರು.

2. ಆಮೇಲೆ ಜನಗಣತಿ. ಅಲ್ಲಿ ಗಣತಿಯ ಹಾಳೆಗಳನ್ನು 72 ವರ್ಷ ಕಳೆದ ಮೇಲೆ ಬಿಡುಗಡೆ ಮಾಡುತ್ತಾರೆ. 1950ರದ್ದು 2022ರಲ್ಲಿ ಬಂತು. ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ ಹೋಗಿ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಮೊದಲೇ ದುಡ್ಡು ಕಟ್ಟಬೇಡಿ. 1890ರದ್ದನ್ನು ಮಾತ್ರ ಹುಡುಕಲು ಹೋಗಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಅದು ಹಾಳಾಯಿತು, ಉಳಿದಿರುವುದು ಚೂರುಪಾರು. 1900ರಿಂದ ನೇರ 1880ಕ್ಕೆ ಜಿಗಿಯಬೇಕು.

3. ಎಲ್ಲರೂ ಎಡವುವುದು ಇಲ್ಲಿ. 1850ಕ್ಕಿಂತ ಹಿಂದಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಬಿಟ್ಟರೆ ಉಳಿದವರು ಬರೀ ಲೆಕ್ಕ. 1850ರಲ್ಲಿ ಮನೆಮಂದಿಯ ಹೆಸರೆಲ್ಲ ಬಂತು, ಆದರೆ ಯಾರು ಯಾರಿಗೆ ಏನಾಗಬೇಕು ಅಂತ ಬರೆಯಲಿಲ್ಲ. ಆ ಕಲಂ ಬಂದದ್ದು 1880ರಲ್ಲಿ. ನಡುವಿನ ಮೂರು ಗಣತಿಗಳಲ್ಲಿ ಯಜಮಾನನ ಕೆಳಗಿರುವ ಹೆಂಗಸು ಹೆಂಡತಿಯೇ ಇರಬೇಕು ಅಂತೇನಿಲ್ಲ. ತಂಗಿ ಇರಬಹುದು, ಅತ್ತಿಗೆ ಇರಬಹುದು, ಎರಡನೇ ಹೆಂಡತಿಯೂ ಆಗಿರಬಹುದು.

ನಾನು ಮುಗ್ಗರಿಸಿದ್ದು ಹೀಗೆ. 1860ರ ಹಾಳೆಯಲ್ಲಿ ಬೀಗರ ಪೂರ್ವಿಕನಾದ ರೈತನಿಗೆ 41, ಹೆಂಗಸಿಗೆ 27, ದೊಡ್ಡ ಹುಡುಗನಿಗೆ 15. ನಾನು ಸುಮ್ನೆ ತಾಯಿ-ಮಗ ಅಂತ ಬರೆದುಕೊಂಡೆ. ಸೊಸೆ ಬಂದು ನೋಡಿ, ‘ಮಾವ, ಹನ್ನೆರಡನೇ ವಯಸ್ಸಿಗೆ ಹೆತ್ತಳಾ?’ ಅಂದಳು! ಹಾಗಾಗಿ ಪ್ರತಿ ಮಗುವಿನ ವಯಸ್ಸನ್ನೂ ತಾಯಿಯ ವಯಸ್ಸಿನಿಂದ ಕಳೆದು ನೋಡಿ. ಎರಡು ಮಕ್ಕಳ ನಡುವೆ ಐದಾರು ವರ್ಷ ಖಾಲಿ ಕಂಡರೆ ಅಲ್ಲಿ ಏನೋ ನಡೆದಿದೆ.

ವಯಸ್ಸನ್ನೂ ಪೂರ್ತಿ ನಂಬಬೇಡಿ. ಹತ್ತು ವರ್ಷಕ್ಕೆ ಏಳೇ ವರ್ಷ ದೊಡ್ಡವರಾದವರು ಬೇಕಾದಷ್ಟಿದ್ದಾರೆ. ಹೆಸರಿನ ಕಾಗುಣಿತವಂತೂ ಗಣತಿದಾರನ ಕಿವಿಗೆ ಬಿದ್ದಂತೆ. ಜೊತೆಗೆ ಎರಡು ‘ಎಸ್’ ಒಟ್ಟಿಗೆ ಬಂದರೆ ಮೊದಲನೆಯದನ್ನು ‘ಎಫ್’ ಥರ ಉದ್ದಕ್ಕೆ ಎಳೆಯುತ್ತಿದ್ದರು. ಅದಕ್ಕೇ ಹುಡುಕುವಾಗ ಜೆಸ್ಸಿ ಅನ್ನುವಂಥ ಹೆಸರು ಸಿಗುವುದೇ ಇಲ್ಲ. ಕಂಪ್ಯೂಟರ್ ತೋರಿಸುವ ಪಟ್ಟಿ ಸಾಲದು, ಮೂಲ ಹಾಳೆಯನ್ನೇ ತೆರೆಯಿರಿ. ಹಿಂದಿನ, ಮುಂದಿನ ಎರಡೆರಡು ಹಾಳೆಗಳನ್ನೂ ಓದಿ. ಹಳ್ಳಿಗಳಲ್ಲಿ ಹೆಣ್ಣು ಕೊಟ್ಟ ಮನೆ ಜಾಸ್ತಿ ದೂರ ಇರುತ್ತಿರಲಿಲ್ಲ.

ಪೂರ್ವಿಕರು ಗುಲಾಮರಾಗಿದ್ದರೆ ದಾರಿ ಇನ್ನೂ ಕಷ್ಟ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಇವರ ವಯಸ್ಸು, ಲಿಂಗ, ಬಣ್ಣ ಇರುತ್ತದೆ. ಹೆಸರು ಇರುವುದಿಲ್ಲ. ಬಹುಪಾಲು ಜನರ ಹೆಸರು ಮೊದಲು ಕಾಣುವುದು 1870ರಲ್ಲಿ.

ಇನ್ನು, ಬೇರೆಯವರು ಇಂಟರ್ನೆಟ್‌ನಲ್ಲಿ ಹಾಕಿದ ವಂಶವೃಕ್ಷವನ್ನು ನಕಲು ಮಾಡಲೇಬೇಡಿ. ಬೀಗರು ಹಾಗೆ ಮಾಡಿ, ಮಗ ಹುಟ್ಟುವ ಮೊದಲೇ ಸತ್ತ ಅಪ್ಪನನ್ನು ಮೂರು ತಿಂಗಳು ಇಟ್ಟುಕೊಂಡಿದ್ದರು. ‘ನಿಮ್ಮ ಮನೆತನದ ಲಾಂಛನ’ ಅಂತ ಚೌಕಟ್ಟು ಹಾಕಿ ಮಾರುವವರಿಗೂ ದುಡ್ಡು ಸುರಿಯಬೇಡಿ.

4. ಜಮೀನಿನ ಕಾಗದ. ನನ್ನ ಪ್ರಕಾರ ರೈತನ ವಿಷಯದಲ್ಲಿ ಇದಕ್ಕಿಂತ ರುಚಿಯಾದ ದಾಖಲೆ ಇಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರಿ ಜಮೀನನ್ನು 160 ಎಕರೆವರೆಗೆ ಕೊಡುತ್ತಿದ್ದರು. ಐದು ವರ್ಷ ಅಲ್ಲೇ ಇದ್ದು ಉಳಬೇಕಿತ್ತು. ಹಕ್ಕುಪತ್ರದ ಪ್ರತಿ ಸರ್ಕಾರಿ ಭೂದಾಖಲೆ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ, ಅಲ್ಲಿನ ಸರ್ಕಾರಿ ದಾಖಲೆಗಳ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಿಂದ ಪೂರ್ತಿ ಕಡತ ತರಿಸಿ. ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದ, ಅಕ್ಕಪಕ್ಕದ ಯಾರು ಸಾಕ್ಷಿ ಹೇಳಿದರು, ಎಲ್ಲ ಅದರಲ್ಲಿ ಇರುತ್ತದೆ.

5. ಕೊನೆಗೆ ಕೌಂಟಿಯ ಕೋರ್ಟ್‌ಹೌಸ್. ನಮ್ಮಲ್ಲಿ ತಾಲ್ಲೂಕು ಒಡೆದ ಹಾಗೆ ಅಲ್ಲೂ ಕೌಂಟಿಗಳು ಒಡೆದಿವೆ. ಆ ವರ್ಷ ಆ ಊರು ಯಾವ ಕೌಂಟಿಗೆ ಸೇರಿತ್ತು ಅಂತ ಹಳೆಯ ನಕ್ಷೆ ನೋಡಿ, ಆಮೇಲೆ ಉಯಿಲು ಹುಡುಕಿ.

1860ರ ಹಾಳೆಯ ಆ ಹದಿನೈದರ ಹುಡುಗನ ಹೆತ್ತ ತಾಯಿ ಗೊತ್ತಾದದ್ದು ಒಂದು ಉಯಿಲಿನಿಂದಲೇ. 1850ರ ಹಾಳೆಯಲ್ಲಿ ಮೂರು ಮನೆ ಆಚೆ ಇದ್ದ ಮುದುಕನದು. ‘ತೀರಿಹೋದ ಮಗಳ ಮಗನಿಗೆ’ ಅಂತ ಹುಡುಗನ ಹೆಸರು ಹಾಕಿ ಒಂದು ಹಸು ಬರೆದಿದ್ದ. ಮಗಳ ಹೆಸರು ಬರೆದಿರಲಿಲ್ಲ.