ಎಲೆ, ಹೂಗಳ ಬಣ್ಣ ಬದಲಾದಾಗ ಕಾರಣ ಪತ್ತೆ ಮಾಡುವುದು ಹೇಗೆ?

ತೋಟದ ಗಿಡದ ಎಲೆ ಹಳದಿಯಾದರೆ, ಅಥವಾ ವರ್ಷಗಳಿಂದ ಒಂದೇ ಬಣ್ಣದ ಹೂ ಬಿಡುತ್ತಿದ್ದ ಗುಲಾಬಿಯಲ್ಲಿ ಬೇರೆ ಬಣ್ಣ ಕಾಣಿಸಿಕೊಂಡರೆ, ಹೆಚ್ಚಿನವರು ಮೊದಲು ಗೊಬ್ಬರದ ಚೀಲಕ್ಕೆ ಕೈ ಹಾಕುತ್ತಾರೆ. ಪೋಷಕಾಂಶದ ಕೊರತೆ ಹಲವು ಕಾರಣಗಳಲ್ಲಿ ಒಂದು ಮಾತ್ರ. ಹೂವಿನ ವಯಸ್ಸು, ಬಿಸಿಲು, ಮಣ್ಣಿನ ಗುಣ, ಕಸಿಯ ಬುಡದಿಂದ ಎದ್ದ ಚಿಗುರು, ವಂಶವಾಹಿಯಲ್ಲಾದ ವ್ಯತ್ಯಾಸ, ನಂಜುರೋಗ (ವೈರಸ್‌ನಿಂದ ಬರುವ ರೋಗ) ಇವೆಲ್ಲವೂ ಬಣ್ಣವನ್ನು ಬದಲಿಸಬಲ್ಲವು. ಯಾವ ಬಣ್ಣ ಬಂದಿದೆ ಎಂಬುದಕ್ಕಿಂತ, ಅದು ಗಿಡದ ಯಾವ ಭಾಗದಲ್ಲಿ ಮತ್ತು ಯಾವ ವಿನ್ಯಾಸದಲ್ಲಿ ಬಂದಿದೆ ಎಂಬುದೇ ಕಾರಣವನ್ನು ತಿಳಿಸುತ್ತದೆ. ಆದ್ದರಿಂದ ಪರೀಕ್ಷೆ ಮೊದಲು, ಉಪಚಾರ ಆಮೇಲೆ.

ಹಸಿರಿಗೆ ಪತ್ರಹರಿತ್ತು ಕಾರಣ, ಹಳದಿ ಮತ್ತು ಕಿತ್ತಳೆಗೆ ಬಹುಮಟ್ಟಿಗೆ ಕೆರೋಟಿನಾಯ್ಡ್‌ಗಳು ಕಾರಣ. ಕೆಂಪು, ನೇರಳೆ ಮತ್ತು ನೀಲಿ ಬಣ್ಣಗಳನ್ನು ಸಾಮಾನ್ಯವಾಗಿ ಆಂಥೋಸಯಾನಿನ್‌ಗಳು ಕೊಡುತ್ತವೆ. ಬೋಗನ್‌ವಿಲ್ಲಾ, ದಂಟು, ಸಂಜೆಮಲ್ಲಿಗೆಯಂಥ ಕೆಲವು ಗಿಡಗಳಲ್ಲಿ ಮಾತ್ರ ಆ ಕೆಲಸವನ್ನು ಬೆಟಾಲೈನ್ ಎಂಬ ಬೇರೆಯೇ ವರ್ಣದ್ರವ್ಯ ಮಾಡುತ್ತದೆ.

ಮೊದಲ ಹೆಜ್ಜೆಯಾಗಿ, ಈ ಬದಲಾವಣೆ ಆ ಗಿಡಕ್ಕೆ ಸಹಜವೇ ಎಂದು ವಿಚಾರಿಸಿಕೊಳ್ಳಬೇಕು. ಮಾವು, ಅರಳಿ, ದಾಲ್ಚಿನ್ನಿಗಳ ಎಳೆಯ ಚಿಗುರು ಕೆಂಪಾಗಿರುವುದು ರೋಗವಲ್ಲ; ಎಲೆ ಬಲಿತಂತೆ ಅದು ತಾನಾಗಿಯೇ ಹಸಿರಾಗುತ್ತದೆ. ಹಿಬಿಸ್ಕಸ್ ಮ್ಯುಟಾಬಿಲಿಸ್ ಎಂಬ ದಾಸವಾಳದ ಬಂಧು ಬೆಳಗ್ಗೆ ಬಿಳಿಯಾಗಿ ಅರಳಿ, ಆಂಥೋಸಯಾನಿನ್ ಹೆಚ್ಚಾದಂತೆ ಸಂಜೆಯ ಹೊತ್ತಿಗೆ ಕಡು ಗುಲಾಬಿಯಾಗುತ್ತದೆ. ಲಂಟಾನದ ಒಂದೇ ಗೊಂಚಲಿನಲ್ಲಿ ಹೊಸ ಹೂಗಳು ಹಳದಿಯಾಗಿದ್ದು ಹಳೆಯವು ಕಿತ್ತಳೆಗೋ ಕೆಂಪಿಗೋ ತಿರುಗುತ್ತವೆ. ಮಕರಂದವಿರುವ ಹೂ ಯಾವುದೆಂದು ಚಿಟ್ಟೆಗಳು ಈ ಬಣ್ಣದಿಂದಲೇ ಗುರುತಿಸುತ್ತವೆ ಎಂಬುದು ಗಮನಿಸಬೇಕಾದ ಸಂಗತಿ. ಋತುವಿನ ಪ್ರಭಾವವನ್ನೂ ಇಲ್ಲಿಯೇ ಪರಿಗಣಿಸಬೇಕು: ತಂಪಿನ ದಿನಗಳಲ್ಲಿ ಗಾಢವಾಗಿರುವ ಗುಲಾಬಿ, ಸೇವಂತಿಗೆಗಳು ಬಿಸಿಲಿನ ಕಾವು ಏರಿದಾಗ ಪೇಲವವಾಗುತ್ತವೆ, ಕ್ರೋಟನ್ ಗಿಡವನ್ನು ನೆರಳಿಗೆ ಸರಿಸಿದರೆ ಅದರ ಹೊಸ ಎಲೆಗಳಲ್ಲಿ ಹಸಿರೇ ಹೆಚ್ಚುತ್ತದೆ.

ಎರಡನೆಯದಾಗಿ, ಬದಲಾವಣೆ ಇಡೀ ಗಿಡದಲ್ಲಿದೆಯೋ ಒಂದೇ ಕೊಂಬೆಯಲ್ಲಿದೆಯೋ ಎಂದು ನೋಡಬೇಕು. ಒಂದೇ ಕೊಂಬೆಯಲ್ಲಿದ್ದರೆ ಆ ಕೊಂಬೆಯನ್ನು ಬೆರಳಿನಿಂದ ಹಿಡಿದುಕೊಂಡು ಅದು ಹುಟ್ಟಿದ ಜಾಗದವರೆಗೂ ಹೋಗಬೇಕು. ಗುಲಾಬಿಯಲ್ಲಿ ಅದು ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಹೊರಟಿದ್ದರೆ, ಹೂವಿನ ಬಣ್ಣ ಬದಲಾದದ್ದಲ್ಲ, ಬೇರುಸಸಿಯೇ (ಕಸಿ ಕಟ್ಟಲು ಬುಡವಾಗಿ ಬಳಸಿದ ಗಿಡ) ಚಿಗುರಿ ಹೂ ಬಿಟ್ಟಿದೆ ಎಂದರ್ಥ. ಅದನ್ನು ಹಾಗೆಯೇ ಬಿಟ್ಟರೆ ಹುರುಪಿನಿಂದ ಬೆಳೆದು ಮೇಲಿನ ಒಳ್ಳೆಯ ತಳಿಯನ್ನು ಸೊರಗಿಸುತ್ತದೆ. ಆದ್ದರಿಂದ ಸುತ್ತಲಿನ ಮಣ್ಣು ಬಿಡಿಸಿ, ಚಿಗುರನ್ನು ಬುಡಸಮೇತ ಕಿತ್ತು ತೆಗೆಯಬೇಕು. ಗಂಟಿನ ಮೇಲಿನ ಕೊಂಬೆಯಲ್ಲಿಯೇ ಬೇರೆ ಬಣ್ಣದ ಹೂ ಬಂದಿದ್ದರೆ ಅದು ಮೊಗ್ಗಿನ ಜೀವಕೋಶಗಳಲ್ಲಾದ ವಂಶವಾಹಿ ಬದಲಾವಣೆಯಾಗಿರಬಹುದು. ಗುಲಾಬಿ, ಸೇವಂತಿಗೆಗಳ ಎಷ್ಟೋ ತಳಿಗಳು ಹೀಗೆ ಹುಟ್ಟಿದ ಕೊಂಬೆಗಳನ್ನು ಬೇರೆಯಾಗಿ ಬೆಳೆಸಿ ಪಡೆದವುಗಳೇ ಆಗಿವೆ.

ಬಿಳಿ ಅಥವಾ ಹಳದಿ ಅಂಚಿನ ಎಲೆಗಳಿಗಾಗಿ ಬೆಳೆಸುವ ಗಿಡಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಿದೆ. ಅವುಗಳಲ್ಲಿ ಹಲವು ಎರಡು ಬಗೆಯ ಜೀವಕೋಶಪದರಗಳ ಜೋಡಣೆಯಿಂದಾದವು. ಪೂರ್ತಿ ಹಸಿರು ಕೊಂಬೆಯೊಂದು ಬಂದರೆ, ಅದರಲ್ಲಿ ಪತ್ರಹರಿತ್ತು ಹೆಚ್ಚಿರುವುದರಿಂದ ಬೇಗ ಬೆಳೆದು ಉಳಿದವನ್ನು ಮುಚ್ಚಿಬಿಡುತ್ತದೆ. ಅಂಥ ಕೊಂಬೆಯನ್ನು ಕಂಡೊಡನೆ ಕತ್ತರಿಸಬೇಕು. ಹಳದಿ ಅಂಚಿನ ಸ್ಯಾನ್ಸೆವಿಯೇರಿಯಾದ (ಸ್ನೇಕ್ ಪ್ಲಾಂಟ್) ಎಲೆತುಂಡನ್ನು ನೆಟ್ಟರೆ ಅಂಚಿಲ್ಲದ ಹಸಿರು ಗಿಡ ಹುಟ್ಟುವುದೂ ಇದೇ ಕಾರಣಕ್ಕೆ. ಅಂಚು ಉಳಿಯಬೇಕಾದರೆ ಬುಡದ ಮರಿಗಳನ್ನೇ ಬೇರ್ಪಡಿಸಿ ನೆಡಬೇಕು.

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದದ್ದು: ಬಣ್ಣಗೆಟ್ಟದ್ದು ಹಳೆಯ ಎಲೆಯೋ, ಹೊಸ ಎಲೆಯೋ? ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಮೆಗ್ನೀಸಿಯಂಗಳನ್ನು ಗಿಡ ತನ್ನ ಹಳೆಯ ಎಲೆಗಳಿಂದ ಹಿಂಪಡೆದು ಚಿಗುರಿಗೆ ಸಾಗಿಸಬಲ್ಲದು. ಹಾಗಾಗಿ ಇವುಗಳ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ, ಕಡು ಹಸಿರಿನ ಮೇಲೆ ನೇರಳೆ ಛಾಯೆ ಬಂದರೆ ರಂಜಕ, ಅಂಚು ಸುಟ್ಟಂತಾದರೆ ಪೊಟ್ಯಾಷ್, ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕಡಿಮೆಯಾಗಿದೆ ಎಂದು ಊಹಿಸಬಹುದು. ಕಬ್ಬಿಣ ಹೀಗೆ ಸಾಗುವುದಿಲ್ಲ. ಆದ್ದರಿಂದ ಅದೇ ಹಸಿರು ನರಗಳ ವಿನ್ಯಾಸ ಚಿಗುರೆಲೆಗಳಲ್ಲಿ ಕಂಡರೆ ಕಬ್ಬಿಣವನ್ನು ಶಂಕಿಸಬೇಕು. ಹಾಗೆಂದು ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ತಿಳಿಯಬಾರದು. ಮಣ್ಣು ಕ್ಷಾರೀಯವಾಗಿದ್ದರೆ, ಅಥವಾ ನೀರು ನಿಂತು ಬೇರು ಸೋತಿದ್ದರೆ, ಇರುವ ಕಬ್ಬಿಣವನ್ನೂ ಗಿಡ ಹೀರಿಕೊಳ್ಳಲಾರದು. ಕುಂಡದ ತಳದ ರಂಧ್ರ ಮುಚ್ಚಿಲ್ಲವೆಂದು ಖಚಿತಪಡಿಸಿಕೊಂಡು, ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, pH) ಪರೀಕ್ಷಿಸಿದ ಬಳಿಕವೇ ಕಬ್ಬಿಣದ ಪೋಷಕವನ್ನು ಕೊಡುವುದು ಸರಿಯಾದ ಕ್ರಮ.

ರಸಸಾರದ ಪ್ರಭಾವವನ್ನು ಹೂವಿನಲ್ಲಿಯೇ ಕಾಣಬೇಕಾದರೆ ಹೈಡ್ರೇಂಜಿಯಾವನ್ನು ನೋಡಬೇಕು. ರಸಸಾರ 5.5ಕ್ಕಿಂತ ಕಡಿಮೆಯಿರುವ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುವುದರಿಂದ ಹೂ ನೀಲಿಯಾಗುತ್ತದೆ, 6.5ಕ್ಕಿಂತ ಹೆಚ್ಚಾದಾಗ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಹೂ ನೀಲಿಯಾಗಲೆಂದು ಬುಡದಲ್ಲಿ ತುಕ್ಕು ಹಿಡಿದ ಮೊಳೆ ಹೂಳುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಬೇಕಾದದ್ದು ಕಬ್ಬಿಣವಲ್ಲ, ಅಲ್ಯೂಮಿನಿಯಂ. ಬಿಳಿ ಹೂವಿನ ತಳಿಗಳು ಈ ಯಾವ ಪ್ರಯತ್ನಕ್ಕೂ ನೀಲಿಯಾಗುವುದಿಲ್ಲ.

ಕೊನೆಯದಾಗಿ ರೋಗದ ಪರೀಕ್ಷೆ. ಕೊರತೆಯ ಹಳದಿ ಸಾಮಾನ್ಯವಾಗಿ ಎಲೆಯ ನಡುನರದ ಎರಡೂ ಬದಿಗೆ ಸಮನಾಗಿ ಹರಡಿರುತ್ತದೆ. ನಂಜುರೋಗದ್ದಾದರೆ ಅಡ್ಡಾದಿಡ್ಡಿ ತೇಪೆ, ಉಂಗುರ, ಮುರುಟು ಇರುತ್ತದೆ. ನಿತ್ಯಪುಷ್ಪದಲ್ಲಿ ಗುಲಾಬಿ ದಳಗಳ ಬದಲು ಎಲೆಯಂಥ ಹಸಿರು ದಳಗಳು ಮೂಡಿದರೆ ಅದು ಹೊಸ ತಳಿಯಲ್ಲ, ಜಿಗಿಹುಳುಗಳು ಹರಡುವ ಫೈಟೋಪ್ಲಾಸ್ಮಾ (ಬ್ಯಾಕ್ಟೀರಿಯಾದ ಬಗೆಯ ಸೂಕ್ಷ್ಮಜೀವಿ) ರೋಗದ ಲಕ್ಷಣ. ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಇದಕ್ಕಿಲ್ಲ. ಗಿಡವನ್ನು ಬೇರುಸಮೇತ ತೆಗೆದುಹಾಕಬೇಕು.

ಚೆಲುವಾದ ಗೆರೆಗಳೂ ರೋಗದ್ದಾಗಿರಬಹುದು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಜನ ಅಪಾರ ಬೆಲೆ ಕೊಟ್ಟು ಕೊಂಡ ಗೆರೆಗಳ ಟ್ಯೂಲಿಪ್ ಹೂಗಳು ನಂಜುರೋಗ ತಗುಲಿದವು ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದಲ್ಲಿ ಬಂತು; 1928ರಲ್ಲಿ ಬ್ರಿಟನ್ನಿನ ಶಿಲೀಂಧ್ರ ವಿಜ್ಞಾನಿ ಡೊರೊಥಿ ಕೇಲಿ ಅವರು ಗೆರೆಯುಳ್ಳ ಗಡ್ಡೆಯ ಭಾಗವನ್ನು ಆರೋಗ್ಯವಂತ ಗಡ್ಡೆಗೆ ಕಸಿ ಮಾಡಿ, ಗೆರೆಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆಂದು ತೋರಿಸಿದರು. ಹೀಗಾಗಿ ಅಪರೂಪದ ಗೆರೆಗಳ ಹೂ ಕಂಡಾಗ ಕೂಡಲೇ ಅದರ ಕಡ್ಡಿಗಳನ್ನು ಇತರರಿಗೆ ಹಂಚಬಾರದು. ಮುಂದಿನ ಹೂಬಿಡುವ ಕಾಲದವರೆಗೂ ಗಿಡವನ್ನು ಪ್ರತ್ಯೇಕವಾಗಿಟ್ಟು, ನಂಜು ಹರಡುವ ಸಸ್ಯಹೇನುಗಳನ್ನು ನಿಯಂತ್ರಿಸಿ, ಅದಕ್ಕೆ ಬಳಸಿದ ಕತ್ತರಿಯನ್ನು ಪ್ರತಿ ಬಾರಿಯೂ ಸೋಂಕುನಿವಾರಕದಿಂದ ಒರೆಸಬೇಕು. ಎಲೆಗಳು ಆರೋಗ್ಯವಾಗಿದ್ದು ಬೆಳವಣಿಗೆ ಕುಂಠಿತವಾಗದೆ ಇದ್ದರೆ ಮಾತ್ರ ಅದರಿಂದ ಕಡ್ಡಿ ತೆಗೆದು ನೆಡಬಹುದು.