ಅನೀಮಿಯಾ ಚಾರ್ಟ್ ಬಂದ್ರೆ ಡಿ64.9 ಹಾಕೋ ಮುಂಚೆ ಸ್ವಲ್ಪ ತಡೀರಿ

ಬೆಂಗಳೂರು ಮೈಸೂರಲ್ಲಿ ಕೂತು ಅಮೆರಿಕದ ಪೇಷೆಂಟ್‌ಗಳ ಚಾರ್ಟ್ (ಡಾಕ್ಟ್ರು ಬರೆದ ದಾಖಲೆ) ಓದಿ ಕಾಯಿಲೆಗೆ ಕೋಡ್ ಹಾಕೋ, ಅಂದ್ರೆ ಮೆಡಿಕಲ್ ಕೋಡಿಂಗ್ ಮಾಡೋ ಫ್ರೆಶರ್‌ಗಳಿಗೆ ಇದು. ಚಾರ್ಟಲ್ಲಿ ಅನೀಮಿಯಾ (ರಕ್ತಹೀನತೆ) ಅಂತ ಕಂಡ ತಕ್ಷಣ ಡಿ64.9, ಅಂದ್ರೆ ಕಾರಣ ಹೇಳದ ಅನೀಮಿಯಾದ ಕೋಡ್, ಹಾಕಿ ಮುಂದೆ ಹೋಗ್ತಾರೆ, ಆದ್ರೆ ಯಾವ ಕಾರಣಕ್ಕೆ ರಕ್ತ ಕಮ್ಮಿಯಾಗಿದೆ ಅಂತ ಡಾಕ್ಟ್ರು ಅಸೆಸ್‌ಮೆಂಟಲ್ಲೋ ಪ್ಲಾನಲ್ಲೋ ಬರೆದಿರ್ತಾರೆ, ಅದನ್ನ ಹುಡುಕೋದೇ ನಮ್ಮ ಕೆಲಸ.

ಐಸಿಡಿ-10-ಸಿಎಂನಲ್ಲಿ (ಅಮೆರಿಕದಲ್ಲಿ ಬಳಸೋ ಕಾಯಿಲೆ ಕೋಡ್‌ಗಳ ಪಟ್ಟಿ) ಪೌಷ್ಟಿಕಾಂಶ ಕೊರತೆಯ ಅನೀಮಿಯಾ ಎಲ್ಲಾ ಡಿ50ರಿಂದ ಡಿ53ರೊಳಗೆ ಇದೆ. ಐರನ್ ಡಿ50, ಬಿ12 ಡಿ51, ಫೋಲೇಟ್ ಡಿ52, ಪ್ರೋಟೀನ್ ಕೊರತೆ ಥರದ ಉಳಿದವು ಡಿ53. ಐರನ್‌ನಲ್ಲೇ ಜಾಸ್ತಿ ಎಡವೋದು. ಊಟದಲ್ಲಿ ಐರನ್ ಸಾಲ್ದೆ ಬಂದಿದ್ದು ಅಂತ ಬರೆದಿದ್ರೆ ಡಿ50.8, ಮುಟ್ಟಿನ ರಕ್ತಸ್ರಾವ ತುಂಬಾ ದಿನದಿಂದ ಜಾಸ್ತಿ ಆಗಿ ಬಂದಿದ್ದು ಅಂತ ಡಾಕ್ಟ್ರೇ ಲಿಂಕ್ ಮಾಡಿದ್ರೆ ಡಿ50.0, ಏನೂ ಹೇಳ್ದೆ ಬರೀ ಐರನ್ ಡೆಫಿಷಿಯನ್ಸಿ ಅನೀಮಿಯಾ ಅಂದ್ರೆ ಮಾತ್ರ ಡಿ50.9. ಒಮ್ಮೆಲೇ ರಕ್ತ ಹೋಗಿ ಬಂದಿದ್ದು ಡಿ62, ಅದನ್ನ ಇಲ್ಲಿ ಬೆರೆಸ್ಬೇಡಿ.

ಬಿ12ನಲ್ಲಿ ವೀಗನ್ ಊಟದಿಂದ ಬಂದಿದ್ರೆ ಡಿ51.3, ಪರ್ನಿಶಿಯಸ್ ಅನೀಮಿಯಾ (ದೇಹ ಬಿ12 ಹೀರಿಕೊಳ್ಳೋಕೆ ಆಗದೆ ಬರೋ ಒಂದು ಬಗೆ) ಆದ್ರೆ ಡಿ51.0. ಮೆಥೊಟ್ರೆಕ್ಸೇಟ್ ಥರ ಔಷಧಿಯಿಂದ ಫೋಲೇಟ್ ಕಮ್ಮಿಯಾಗಿ ಅನೀಮಿಯಾ ಬಂದಿದ್ರೆ ಡಿ52.1, ಜೊತೆಗೆ ಅಡ್ವರ್ಸ್ ಎಫೆಕ್ಟ್‌ನ (ಔಷಧಿಯ ಅಡ್ಡಪರಿಣಾಮದ) ಟಿ ಕೋಡ್ ಬೇಕೇ ಬೇಕು.

ಗರ್ಭಿಣಿ ಚಾರ್ಟ್ ಆದ್ರೆ ಆರ್ಡರ್ ಬದಲಾಗುತ್ತೆ. 26 ವಾರ, ಐರನ್ ಡೆಫಿಷಿಯನ್ಸಿ ಅನೀಮಿಯಾ ಅಂತಿದೆ ಅಂದ್ಕೊಳ್ಳಿ, ಮೊದ್ಲು ಓ99.012 (ಎರಡನೇ ತ್ರೈಮಾಸಿಕದ ಗರ್ಭಿಣಿಯ ಅನೀಮಿಯಾ), ಆಮೇಲೆ ಡಿ50.9, ವಾರಕ್ಕೆ ಝಡ್3ಎ.26. ಡಿ50ನ ಮೊದ್ಲು ಹಾಕಿದ್ರೆ ತಪ್ಪು.

ಇನ್ನೊಂದು, ಇದು ನಂಗೆ ತುಂಬಾ ಮುಖ್ಯ ಅನ್ಸುತ್ತೆ. ಫೆರಿಟಿನ್ (ದೇಹದಲ್ಲಿ ಐರನ್ ಸಂಗ್ರಹ ಎಷ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ಕಮ್ಮಿ ಇದೆ, ಪೇಷೆಂಟ್ ಐರನ್ ಮಾತ್ರೆ ತಗೋತಿದಾರೆ, ಆದ್ರೆ ಡಾಕ್ಟ್ರು ಅನೀಮಿಯಾ ಅಂತ ಮಾತ್ರ ಬರೆದಿದಾರೆ, ಆಗ ಲ್ಯಾಬ್ ರಿಪೋರ್ಟ್ ನೋಡ್ಕೊಂಡು ನೀವೇ ಡಿ50 ಹಾಕೋ ಹಾಗಿಲ್ಲ. ಡಯಾಗ್ನೋಸಿಸ್ ಮಾಡೋದು ಅವ್ರ ಕೆಲಸ, ಅವ್ರಿಗೆ ಕ್ವೆರಿ (ಸ್ಪಷ್ಟನೆ ಕೇಳೋ ಪ್ರಶ್ನೆ) ಕಳ್ಸಿ, ಉತ್ತರ ಇದೇ ಅಂತ ಸುಳಿವು ಕೊಡೋ ಹಾಗೆ ಕೇಳ್ಬೇಡಿ ಅಷ್ಟೇ. ಔಟ್‌ಪೇಷೆಂಟಲ್ಲಿ ಪ್ರಾಬಬಲ್, ಸಸ್ಪೆಕ್ಟೆಡ್ ಅಂತ ಬರೆದಿದ್ರೂ ಅದನ್ನ ಖಚಿತ ಅಂತ ಕೋಡ್ ಮಾಡ್ಬೇಡಿ.

ಕೊರತೆ ಮಾತ್ರ ಇದ್ದು ಅನೀಮಿಯಾ ಇಲ್ಲ ಅಂದ್ರೆ ಡಿ ಚಾಪ್ಟರ್‌ಗೇ ಹೋಗ್ಬೇಡಿ, ಐರನ್‌ಗೆ ಇ61.1, ಬಿ12ಗೆ ಇ53.8, ಇವನ್ನ ಡಿ50 ಡಿ51 ಜೊತೆ ಸೇರ್ಸಿ ಹಾಕಿದ್ರೆ ಎಕ್ಸ್‌ಕ್ಲೂಡ್ಸ್1ಗೆ (ಈ ಎರಡು ಕೋಡ್ ಒಟ್ಟಿಗೆ ಹಾಕ್ಬಾರ್ದು ಅನ್ನೋ ಸೂಚನೆ) ಸಿಕ್ಕಾಕೊಳ್ತೀರ.