ಮಳೆಗಾಲದ ಮರಿಗಳು ಮತ್ತು ನನ್ನ ಅಡುಗೆಮನೆ ತಕ್ಕಡಿ

ನಮ್ಮದು ತೀರ್ಥಹಳ್ಳಿ ಕಡೆ. ಕಳೆದ ಆಷಾಢದಲ್ಲಿ ಮೊದಲ ಸಲ ಇನ್‌ಕ್ಯುಬೇಟರ್‌ಗೆ, ಅಂದರೆ ಶಾಖ ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆಗೆ, 24 ನಾಟಿ ಕೋಳಿ ಮೊಟ್ಟೆ ಇಟ್ಟೆ. ಥರ್ಮೋಕೋಲ್ ಪೆಟ್ಟಿಗೆ, ಒಳಗೊಂದು ಸಣ್ಣ ಫ್ಯಾನು, ತಳದಲ್ಲಿ ನೀರು ತುಂಬೋಕೆ ಎರಡು ಕಾಲುವೆ. ಶಾಖ 37.5 ಡಿಗ್ರಿ. ಪ್ರತಿ ಮೊಟ್ಟೆಗೂ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಟು ಗುರುತು ಹಾಕಿ ದಿನಕ್ಕೆ ಮೂರು ಸಲ ತಿರುಗಿಸುತ್ತಿದ್ದೆ. 7ನೇ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ 19ರಲ್ಲಿ ಕೆಂಪು ನರ ಕಂಡವು. ಐದು ಬಂಜೆ, ತೆಗೆದೆ.

21ನೇ ದಿನ ಬಂದಿದ್ದು ಆರೇ ಮರಿ. ಇನ್ನೆರಡು ದಿನ ಕಾದೆ. ಆಮೇಲೆ ಉಳಿದ 13 ಮೊಟ್ಟೆ ಒಡೆದು ನೋಡಿದೆ. ಕೊಕ್ಕು, ಉಗುರು, ತುಪ್ಪಳ ಎಲ್ಲಾ ಮೂಡಿದ ಪೂರ್ತಿ ಮರಿಗಳು. ಮೈ ಊದಿತ್ತು, ಸುತ್ತ ಅಂಟು ನೀರು. ಮೊಟ್ಟೆಯ ಅಗಲದ ತುದಿಯಲ್ಲಿರುವ ಗಾಳಿಯ ಜಾಗ ತುಂಬಾ ಚಿಕ್ಕದಿತ್ತು. ಮೊದಲ ಉಸಿರು ಎಳೆಯೋದು ಅಲ್ಲೇ ಅಲ್ವಾ? ಅವತ್ತು ನನಗೆ ಊಟ ಸೇರಲಿಲ್ಲ.

ತಪ್ಪು ನೀರಿನದು. ಪೆಟ್ಟಿಗೆ ಜೊತೆ ಬಂದ ಚೀಟಿ ಹೇಳಿದ ಹಾಗೆ ಮೊದಲ ದಿನದಿಂದಲೇ ಎರಡೂ ಕಾಲುವೆ ತುಂಬಿದ್ದೆ. ಗಾಳಿಯ ತೇವ ಅಳೆಯುವ ಮೀಟರ್ ನೂರಕ್ಕೆ 55 ತೋರಿಸುತ್ತಿತ್ತು, ನಂಬಿದ್ದೆ. ಆಮೇಲೆ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಹಿಟ್ಟಿನಷ್ಟು ಒದ್ದೆ ಮಾಡಿ, ಮೀಟರ್ ಜೊತೆ ಗಾಳಿ ಆಡದ ಕವರ್‌ನಲ್ಲಿ ರಾತ್ರಿಯಿಡೀ ಇಟ್ಟೆ. ಒದ್ದೆ ಉಪ್ಪಿನ ಜೊತೆ ಸರಿಯಾದ ಮೀಟರ್ 75 ತೋರಿಸಬೇಕು. ನನ್ನದು 63 ತೋರಿಸಿತು. ಅಂದರೆ ಒಳಗೆ 67ರ ಹತ್ತಿರ ತೇವ ಇತ್ತು. ಮೊದಲ 18 ದಿನಕ್ಕೆ ಅದು ಬಹಳ ಜಾಸ್ತಿ.

ಎರಡನೇ ಸಲ ಮೀಟರ್‌ಗಿಂತ ತಕ್ಕಡಿಯನ್ನು ನಂಬಿದೆ. ಮೊಟ್ಟೆ ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರು ಆರುತ್ತಲೇ ಇರುತ್ತದೆ. 18 ದಿನಕ್ಕೆ ತೂಕದಲ್ಲಿ ನೂರಕ್ಕೆ ಸುಮಾರು 12–13 ಪಾಲು ಇಳಿಯಬೇಕು. ಇಳಿದಷ್ಟೂ ಗಾಳಿಯ ಜಾಗ ದೊಡ್ಡದಾಗುತ್ತದೆ. 24 ಮೊಟ್ಟೆ ಒಟ್ಟಿಗೆ 984 ಗ್ರಾಂ ಇತ್ತು. ಕಾಲುವೆಗೆ ಒಂದು ಹನಿ ನೀರೂ ಹಾಕಲಿಲ್ಲ. ನಮ್ಮ ಮಳೆಗಾಲದ ಗಾಳಿ ಪೆಟ್ಟಿಗೆಯೊಳಗೆ ಕಾದ ಮೇಲೂ 45ರ ಆಸುಪಾಸು ತೇವ ಉಳಿಸಿಕೊಳ್ಳುತ್ತದೆ. 7ನೇ ದಿನ 44 ಗ್ರಾಂ ಇಳಿದಿತ್ತು. ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗಿತ್ತು! ಈ ಸಲ ಬಂಜೆ ಮೂರೇ.

11ನೇ ದಿನ ಎರಡು ಗಂಟೆ ಕರೆಂಟ್ ಹೋಯಿತು. ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿದೆ, ಏನೂ ಆಗಲಿಲ್ಲ.

18ನೇ ದಿನ ತಿರುಗಿಸೋದು ನಿಲ್ಲಿಸಿ, ಆಗ ಎರಡೂ ಕಾಲುವೆ ತುಂಬಿದೆ. ಕೊನೆಯ ಮೂರು ದಿನ 65–70 ತೇವ ಬೇಕೇ ಬೇಕು. ಇಲ್ಲದಿದ್ದರೆ ಚಿಪ್ಪು ಕುಕ್ಕಿದ ಮೇಲೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. 20ನೇ ದಿನ ಬೆಳಗ್ಗೆ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್ ಕೇಳಿಸಿತು. ಪೆಟ್ಟಿಗೆಗೆ ಕಿವಿ ಹಚ್ಚಿ ಕೂತೆ. ಮೊದಲ ತೂತಿನಿಂದ ಹೊರಬರೋಕೆ ಒಂದೊಂದಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯಿತು. ಸಹಾಯ ಮಾಡೋಕೆ ಕೈ ಹೋಗುತ್ತದೆ, ಆದರೂ ಮುಚ್ಚಳ ತೆರೆಯಬಾರದು. ಹೊಟ್ಟೆಯೊಳಗೆ ಸೇರಿದ ಹಳದಿ ಇರುವುದರಿಂದ ಮರಿಗೆ ಒಂದು ದಿನ ಹಸಿವಿನ ತೊಂದರೆ ಇಲ್ಲ. ತುಪ್ಪಳ ಆರಿದ ಮೇಲೆ ಎಣಿಸಿದೆ. 17 ಮರಿ.

ಮುಂದಿನದು ಮಾಘದಲ್ಲಿ ಇಡುತ್ತೇನೆ. ಆಗ ಗಾಳಿ ಒಣಗಿರುತ್ತದೆ. ಬಹುಶಃ ಒಂದು ಕಾಲುವೆಗೆ ಮೊದಲಿನಿಂದಲೇ ನೀರು ಬೇಕಾಗಬಹುದು. 7ನೇ ದಿನ ತೂಗಿ ನೋಡುತ್ತೇನೆ.